ಸಂತರಂತೆ ಬಾಳಬಯಸಿದವರ ಕಥೆ



ನಾವು ಮನಸಾರೆ ಮೆಚ್ಚಿದ ನಾಯಕನೊಬ್ಬ ಮುಂದೊಂದು ದಿನ ಪ್ರಜಾಪೀಡಕನಾದರೆ ಆಗುವ ನೋವು ಕೇವಲ ರಾಜಕೀಯದ್ದಲ್ಲ. ‘ನಾನು ನಂಬಿದ್ದೇ ತಪ್ಪಾಯಿತೇ?’ ಎಂಬ ಪ್ರಶ್ನೆ ಅದರೊಳಗೆ ಅಡಗಿರುತ್ತದೆ. ಮಧ್ಯ ಅಮೆರಿಕದ ನಿಕರಾಗುವಾ ದೇಶದ ಸಾಹಿತಿ ಸೆರ್ಜಿಯೋ ರಾಮಿರೆಜ್ ಅವರು 1999ರಲ್ಲಿ ಪ್ರಕಟಿಸಿದ ‘ಆದಿಯೋಸ್ ಮುಚಾಚೋಸ್’ (ವಿದಾಯ, ಗೆಳೆಯರೇ) ಎಂಬ ನೆನಪುಗಳ ಕೃತಿ ಈ ಪ್ರಶ್ನೆಗೆ ಮುಖಾಮುಖಿಯಾಗುತ್ತದೆ. ಗುರುಮಠದ ದಿನಗಳಲ್ಲಿ ಆ ದೇಶದ ಕ್ರಾಂತಿಯನ್ನು ಬೆರಗಿನಿಂದ ಕಂಡವರಲ್ಲಿ ನಾನೂ ಒಬ್ಬ. ಆದುದರಿಂದ ಈ ಕೃತಿ ನನ್ನನ್ನು ಬಹುಕಾಲ ಕಾಡಿದೆ.

ಆ ಬೆರಗಿಗೆ ಕಾರಣವಿತ್ತು. ಸೊಮೋಜಾ ಕುಟುಂಬದ ನಾಲ್ಕು ದಶಕಗಳ ದಬ್ಬಾಳಿಕೆಯನ್ನು 1979ರ ಜುಲೈನಲ್ಲಿ ಸ್ಯಾಂಡಿನಿಸ್ಟಾ ಹೋರಾಟಗಾರರು ಕೊನೆಗಾಣಿಸಿದರು. ಮರುವರ್ಷ ಸಹಸ್ರಾರು ತರುಣ ತರುಣಿಯರು ಹಳ್ಳಿಗಳಿಗೆ ತೆರಳಿ ಬಡವರಿಗೆ ಅಕ್ಷರ ಕಲಿಸಿದರು. ಕವಿಯೂ ಯಾಜಕರೂ ಆದ ಎರ್ನೆಸ್ತೋ ಕಾರ್ದೆನಾಲ್ ಸಂಸ್ಕೃತಿ ಸಚಿವರಾದರು. 1983ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ವಿಮಾನ ನಿಲ್ದಾಣದಲ್ಲೇ ಅವರಿಗೆ ಬೆರಳೆತ್ತಿ ಎಚ್ಚರಿಕೆ ನೀಡಿದ ಚಿತ್ರ ಹಿರಿಯರಿಗೆ ನೆನಪಿರಬಹುದು. 1985ರಿಂದ 1990ರವರೆಗೆ ಹೋರಾಟದ ನಾಯಕ ಡೇನಿಯಲ್ ಒರ್ಟೆಗಾ ಅಧ್ಯಕ್ಷನಾಗಿದ್ದರೆ ರಾಮಿರೆಜ್ ಉಪಾಧ್ಯಕ್ಷರಾಗಿದ್ದರು. ಹಾಗಾಗಿ ಇದು ಹೊರಗಿನವರ ನಿಂದೆಯಲ್ಲ, ಒಳಮನೆಯವರ ಸಾಕ್ಷ್ಯ.

ಸಂತರಂತೆ ಬಾಳಬೇಕೆಂಬ ಹೋರಾಟಗಾರರ ಆದರ್ಶವನ್ನು ಚಿತ್ರಿಸುವ ಭಾಗವೇ ಕೃತಿಯ ಜೀವಾಳ. ಗುರುಮಠದಲ್ಲಿ ಓದಿದ್ದ ತರುಣ ಕವಿ ಲಿಯೋನೆಲ್ ರುಗಾಮಾ ಆ ಆದರ್ಶವನ್ನು ಎತ್ತಿಹಿಡಿದು, 1970ರಲ್ಲಿ ಇಪ್ಪತ್ತರ ಹರೆಯದಲ್ಲೇ ಸರ್ಕಾರಿ ಪಡೆಯ ಗುಂಡಿಗೆ ಬಲಿಯಾದ. ಈ ಪುಟಗಳ ಎದುರಿಗೆ ರಾಮಿರೆಜ್ 1990ರ ಕಥೆಯನ್ನು ಇಡುತ್ತಾರೆ. ಚುನಾವಣೆಯಲ್ಲಿ ಸೋತ ನಾಯಕರು ಅಧಿಕಾರ ಬಿಟ್ಟುಕೊಡುವ ಮುನ್ನ ಸರ್ಕಾರದ ಮನೆ, ಜಮೀನುಗಳನ್ನು ತಮ್ಮದಾಗಿಸಿಕೊಂಡರು. ಹುಟ್ಟುಹಬ್ಬದ ದಿನ ಮಿಠಾಯಿ ತುಂಬಿದ ಗೊಂಬೆಯನ್ನು ಒಡೆದು ಮಕ್ಕಳು ಬಾಚಿಕೊಳ್ಳುವ ‘ಪಿನ್ಯಾಟಾ’ ಆಟದ ಹೆಸರನ್ನೇ ಜನರು ಈ ಲೂಟಿಗೆ ಇಟ್ಟರು. ಸಾಯಲು ಸಿದ್ಧರಾಗಿದ್ದವರು ಬರಿಗೈಯಲ್ಲಿ ಮನೆಗೆ ಹಿಂದಿರುಗಲು ಸಿದ್ಧರಿರಲಿಲ್ಲ!

ಕೃತಿಯಲ್ಲಿ ಕೊರತೆಯೂ ಇದೆ. ರೈತರ ಮನಸ್ಸನ್ನು ಅರಿಯದೆ ಹೋದ ತಪ್ಪನ್ನು ರಾಮಿರೆಜ್ ಮುಚ್ಚಿಡುವುದಿಲ್ಲ, ನಿಜ. ಆದರೆ ಅಮೆರಿಕ ಪೋಷಿಸಿದ ಬಂಡುಕೋರರೊಡನೆ ಯುದ್ಧ ನಡೆಯುತ್ತಿದ್ದಾಗ, ನಾಯಕರನ್ನು ಪ್ರಶ್ನಿಸುವುದೆಂದರೆ ವೈರಿಗೆ ನೆರವಾದಂತೆ ಎಂಬ ಭಾವನೆ ಬೇರೂರಿತು. ಆ ಮೌನದಲ್ಲಿ ತಮ್ಮ ಪಾಲೆಷ್ಟು ಎಂಬುದನ್ನು ಲೇಖಕರು ಇನ್ನಷ್ಟು ನಿಷ್ಠುರವಾಗಿ ಶೋಧಿಸಬೇಕಿತ್ತು. ಸೋಲನ್ನು ಒಪ್ಪಿಕೊಂಡದ್ದರಿಂದ ದೇಶಕ್ಕೆ ದಕ್ಕಿದ ಪ್ರಜಾಪ್ರಭುತ್ವವೇ ಕ್ರಾಂತಿಯ ಶ್ರೇಷ್ಠ ಫಲವೆಂದು ಅವರು ಸಮಾಧಾನಪಡುತ್ತಾರೆ. ಕಾಲ ಆ ಫಲವನ್ನೂ ಉಳಿಸಲಿಲ್ಲ.

2007ರಲ್ಲಿ ಒರ್ಟೆಗಾ ಮತ್ತೆ ಅಧಿಕಾರಕ್ಕೇರಿದ. 2018ರ ಪ್ರತಿಭಟನೆಗಳನ್ನು ಹತ್ತಿಕ್ಕಿದಾಗ ಮುನ್ನೂರಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. ದೇಶ ಬಿಟ್ಟು ಹೋಗಲು ಒಪ್ಪದ ಮತಗಾಲ್ಪಾದ ಧರ್ಮಾಧ್ಯಕ್ಷ ರೊಲಾಂದೊ ಆಲ್ವಾರೆಜ್ ಅವರಿಗೆ 2023ರಲ್ಲಿ 26 ವರ್ಷಗಳ ಸೆರೆವಾಸ ವಿಧಿಸಲಾಯಿತು. 2024ರ ಜನವರಿಯಲ್ಲಿ ಅವರನ್ನು ರೋಮ್‌ಗೆ ಕಳುಹಿಸಲಾಯಿತು. ಯೇಸುಸಭೆಯ ವಿಶ್ವವಿದ್ಯಾಲಯವನ್ನು ಸರ್ಕಾರ ವಶಪಡಿಸಿಕೊಂಡಿತು. 2021ರಿಂದ ದೇಶಭ್ರಷ್ಟರಾಗಿದ್ದ ರಾಮಿರೆಜ್ ಅವರ ಪೌರತ್ವವನ್ನೇ 2023ರಲ್ಲಿ ಕಿತ್ತುಕೊಳ್ಳಲಾಯಿತು. ಒಂದು ಕುಟುಂಬದ ಆಳ್ವಿಕೆಯ ವಿರುದ್ಧ ಎದ್ದ ಹೋರಾಟದ ನಾಯಕ, 2025ರ ಸಂವಿಧಾನ ತಿದ್ದುಪಡಿಯ ಮೂಲಕ ಮಡದಿಯನ್ನೇ ಸಹಾಧ್ಯಕ್ಷೆಯನ್ನಾಗಿಸಿದ.

ಹಾಗಾದರೆ ನಮ್ಮ ಮೆಚ್ಚುಗೆ ತಪ್ಪಾಗಿತ್ತೇ? ಬಡವನಿಗೆ ಅಕ್ಷರ ಕಲಿಸಿದ ಕೈಗಳನ್ನು ಮೆಚ್ಚಿದ್ದು ತಪ್ಪಲ್ಲ. ಮೆಚ್ಚಿದವನನ್ನು ಪ್ರಶ್ನಿಸದೆ ಬಿಟ್ಟದ್ದು ತಪ್ಪು. ದೇವರಿಗೆ ಪ್ರಿಯನಾಗಿದ್ದ ದಾವೀದನಿಗೂ ಅವನ ಪಾಪವನ್ನು ಎದುರಲ್ಲೇ ಎತ್ತಿ ತೋರಿಸಲು ಪ್ರವಾದಿ ನಾತಾನನೊಬ್ಬ ಬೇಕಾಯಿತು. ನಮ್ಮ ಮನೆಯ ಯಜಮಾನನಿಗೆ, ಸಂಘದ ಅಧ್ಯಕ್ಷರಿಗೆ, ನನ್ನಂತಹ ಯಾಜಕನಿಗೆ ಕೂಡ ‘ಇದು ಸರಿಯಲ್ಲ’ ಎಂದು ಪ್ರೀತಿಯಿಂದ ಹೇಳಬಲ್ಲವರು ನಮ್ಮ ನಡುವೆ ಇದ್ದಾರೆಯೇ? ಹೇಳಿದರೆ ಕೇಳುವ ಕಿವಿ ನಮಗಿದೆಯೇ? ಕೃತಿಯನ್ನು ಮುಚ್ಚಿಟ್ಟ ಮೇಲೂ ನನ್ನೊಳಗೆ ಉಳಿದ ಪ್ರಶ್ನೆ ಇದೇ.