ಇಂಟರ್‌ಫೆರಾನುಗಳ ವಂಶಚರಿತ್ರೆ: ಒಂದು ಆಧಾರವಿಮರ್ಶೆ

ಜೀವಿಗಳ ಅಣುರಚನೆಯನ್ನು ಓದಿ ಅವುಗಳ ಪೂರ್ವಚರಿತ್ರೆಯನ್ನು ನಿರ್ಣಯಿಸುವ ಶಾಸ್ತ್ರವು ಈಚಿನ ದಶಕಗಳಲ್ಲಿ ಬಹಳವಾಗಿ ಬೆಳೆದಿದೆ. ಈ ಶಾಸ್ತ್ರದವರು ಬರೆಯುವುದೂ ಚರಿತ್ರೆಯೇ. ಅವರಿಗೆ ಶಾಸನಗಳ ಸ್ಥಾನದಲ್ಲಿ ಜೀನುಗಳ ಅಕ್ಷರಪಂಕ್ತಿಗಳಿವೆ. ಆದಕಾರಣ ಆಧಾರಗಳ ಬೆಲೆಯನ್ನು ಕುರಿತು ಇತಿಹಾಸದ ವಿದ್ಯಾರ್ಥಿಯು ಇಲ್ಲಿಯೂ ಕೆಲವು ಪ್ರಶ್ನೆಗಳನ್ನು ಕೇಳಿದರೆ ಅದು ಅನಧಿಕಾರವೆನಿಸದು. ಸ್ತನಿಗಳ ರೋಗರಕ್ಷಣೆಯಲ್ಲಿ ಸಂದೇಶವಾಹಕಗಳಾಗಿರುವ ಇಂಟರ್‌ಫೆರಾನ್ ಎಂಬ ಪ್ರೋಟೀನುಗಳ ವಿಕಾಸದ ಬಗೆಗೆ ಪ್ರಚಲಿತವಾಗಿರುವ ಒಂದು ನಿರೂಪಣೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೧೯೫೭ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಝಾನ್ ಲಿಂಡೆನ್‌ಮನ್ ಎಂಬ ವಿದ್ವಾಂಸರು, ಶಾಖದಿಂದ ಶಕ್ತಿಗುಂದಿದ ಇನ್‌ಫ್ಲುಯೆಂಜಾ ವೈರಸ್ಸು ಸೋಕಿದಾಗ ಕೋಳಿಮೊಟ್ಟೆಯ ಭ್ರೂಣದ ಪೊರೆಯು ಒಂದು ವಸ್ತುವನ್ನು ಹೊರಬಿಡುವುದೆಂದೂ, ಆ ವಸ್ತು ಬೇರೆ ಪೊರೆಯನ್ನು ಸಜೀವ ವೈರಸ್ಸಿನಿಂದ ಕಾಪಾಡುವುದೆಂದೂ ಕಂಡುಹಿಡಿದರು. ಅದಕ್ಕೆ ಅವರಿತ್ತ ಹೆಸರೇ ಇಂಟರ್‌ಫೆರಾನ್. ೧೯೮೦ರ ಸುಮಾರಿಗೆ ಜೀನುಗಳನ್ನು ಬೇರ್ಪಡಿಸಿ ಓದುವುದು ಸಾಧ್ಯವಾದ ಮೇಲೆ, ಈ ಒಂದು ಹೆಸರಿನ ಹಿಂದೆ ದೊಡ್ಡದೊಂದು ಕುಟುಂಬವೇ ಇರುವುದು ತಿಳಿದುಬಂದಿತು. ಮನುಷ್ಯನ ಒಂಬತ್ತನೆಯ ವರ್ಣತಂತುವಿನ ಕಿರುತೋಳಿನಲ್ಲಿ ಮೊದಲನೆಯ ವರ್ಗದ ಇಂಟರ್‌ಫೆರಾನುಗಳ ಜೀನುಗಳು ಗುಂಪಾಗಿವೆ. ಅವುಗಳಲ್ಲಿ ಆಲ್ಫಾ ಜೀನುಗಳು ೧೩. ಬೀಟಾ, ಎಪ್ಸಿಲಾನ್, ಕಪ್ಪಾ, ಒಮೇಗಾ ಎಂಬವು ಒಂದೊಂದು. ಇವುಗಳಿಂದಾಗುವ ಪ್ರೋಟೀನುಗಳೆಲ್ಲವೂ ಜೀವಕೋಶದ ಒಂದೇ ಗ್ರಾಹಕವನ್ನು ಸೇರಿ ತಮ್ಮ ಸಂದೇಶವನ್ನು ಒಪ್ಪಿಸುತ್ತವೆ.

ಇಷ್ಟೊಂದು ಪ್ರತಿಗಳು ಏಕೆ? ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರವು ಯುದ್ಧಕಥೆಯ ಮಾದರಿಯದು. ವೈರಸ್ಸು ಹೊಸ ಉಪಾಯವನ್ನು ಹೂಡಿದಂತೆಲ್ಲ ಸ್ತನಿಯು ಹೊಸ ಅಸ್ತ್ರವನ್ನು ಸಿದ್ಧಪಡಿಸಿಕೊಂಡಿತು. ಪ್ರತಿಗಳು ಹೆಚ್ಚಿದಷ್ಟೂ ರಕ್ಷಣೆಯು ಬಲವಾಯಿತು ಎಂಬುದು ಅದರ ಸಾರ. ಇದರಲ್ಲಿ ಸತ್ಯಾಂಶವಿದೆ. ಆದರೆ ಇದನ್ನು ಇಡೀ ಕುಟುಂಬದ ಚರಿತ್ರೆಯೆಂದು ಒಪ್ಪುವುದಕ್ಕೆ ಮೂರು ಅಡ್ಡಿಗಳಿವೆ.

ಮೊದಲನೆಯದು ಸಾದೃಶ್ಯಕ್ಕೆ ಸಂಬಂಧಿಸಿದುದು. ಮನುಷ್ಯನ ಆಲ್ಫಾ ಜೀನುಗಳು ಇಲಿಯ ಆಲ್ಫಾ ಜೀನುಗಳಿಗಿಂತ ತಮ್ಮತಮ್ಮೊಳಗೇ ಹೆಚ್ಚು ಹೋಲುತ್ತವೆ. ಎರಡು ವಂಶಗಳು ಅಗಲಿದ ಮೇಲೆ ಆಯಾ ವಂಶದಲ್ಲಿ ಪ್ರತ್ಯೇಕವಾಗಿ ಪ್ರತಿಗಳು ಹುಟ್ಟಿದುವೆಂಬುದು ಇದಕ್ಕೆ ಒಂದು ವಿವರಣೆ. ನೆರೆಹೊರೆಯ ಜೀನುಗಳಲ್ಲಿ ಒಂದರ ಪಾಠವು ಇನ್ನೊಂದರ ಮೇಲೆ ನಕಲಾಗಿ, ಹಳೆಯ ಭೇದಗಳು ಅಳಿಸಿಹೋಗುವುದೂ ಉಂಟು. ಇದು ಎರಡನೆಯ ವಿವರಣೆ. ಓಲೆಗರಿಯ ಗ್ರಂಥಗಳನ್ನು ಸಂಪಾದಿಸುವವರಿಗೆ ಈ ತೊಡಕು ಹೊಸತಲ್ಲ. ಲಿಪಿಕಾರನು ಎರಡು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಒಂದನ್ನು ಇನ್ನೊಂದರಿಂದ ತಿದ್ದಿದ್ದರೆ, ಪಾಠಸಾಮ್ಯ ಮಾತ್ರದಿಂದ ಅವುಗಳ ಮೂಲವನ್ನು ಹೇಳಲಾಗದು. ಇಂತಹ ಬೆರಕೆಯನ್ನು ಗಣಿಸದೆ ಒಂದೇ ವಂಶವೃಕ್ಷವನ್ನು ಕಲ್ಪಿಸಿ ಲೆಕ್ಕ ಹಾಕಿದರೆ, ನಿಸರ್ಗದ ಆಯ್ಕೆಯು ನಡೆಯದ ಕಡೆಯಲ್ಲಿಯೂ ನಡೆದಂತೆ ತೋರಬಹುದು. ಆದುದರಿಂದ ಅಕ್ಷರಪಂಕ್ತಿಯ ಜೊತೆಗೆ, ವರ್ಣತಂತುವಿನಲ್ಲಿ ಆ ಜೀನಿನ ಸ್ಥಾನವನ್ನೂ ಅಕ್ಕಪಕ್ಕದ ಜೀನುಗಳನ್ನೂ ಸಾಕ್ಷಿಗಳಾಗಿ ಕರೆಯಬೇಕಾಗುತ್ತದೆ. ಇದು ಬರಿಯ ಪಾಂಡಿತ್ಯದ ವಿವಾದವಲ್ಲ. ಇಲಿಯ ಒಂದನೆಯ ಆಲ್ಫಾ ಮನುಷ್ಯನ ಒಂದನೆಯ ಆಲ್ಫಾಕ್ಕೆ ನೇರವಾದ ಪ್ರತಿರೂಪವೆಂದು ಭಾವಿಸುವಂತಿಲ್ಲ. ಬೇರೆ ಬೇರೆ ವಂಶಗಳಲ್ಲಿ ಒಂದೇ ಹೆಸರಿನ ಅರಸರು ಆಳಿರುವಂತೆ, ಇಲ್ಲಿಯೂ ನಾಮಸಾಮ್ಯವಿದ್ದಲ್ಲಿ ವಂಶಸಾಮ್ಯವಿರಬೇಕಾಗಿಲ್ಲ. ಇಲಿಯಲ್ಲಿ ಕಂಡ ಫಲವನ್ನು ಹೆಸರಿನ ಬಲದಿಂದಲೇ ರೋಗಿಗೆ ಅನ್ವಯಿಸುವುದು ಅಪಾಯಕರ.

ಎರಡನೆಯ ಅಡ್ಡಿ ಸಂಖ್ಯೆಯದು. ಆಸ್ಟ್ರೇಲಿಯದ ಕಪ್ಪು ಹಣ್ಣುಬಾವಲಿಯಲ್ಲಿ ಆಲ್ಫಾ ಜೀನುಗಳು ಮೂರೇ ಇವೆಯೆಂದೂ, ಸೋಂಕಿಲ್ಲದಿರುವಾಗಲೂ ಅವು ಕಾರ್ಯನಿರತವಾಗಿರುವುವೆಂದೂ ೨೦೧೬ರಲ್ಲಿ ಪ್ರಕಟವಾಯಿತು. ಇದೇ ಬಾವಲಿಗಳ ಕ್ರಮವೆಂದು ಸಾಮಾನ್ಯೀಕರಿಸುವುದು ಸುಲಭವಾಗಿದ್ದಿತು. ಆದರೆ ೨೦೧೮ರಲ್ಲಿ ಈಜಿಪ್ಟಿನ ಹಣ್ಣುಬಾವಲಿಯ ಜೀನುಗಳನ್ನು ಓದಿದಾಗ, ಅದರಲ್ಲಿ ಒಮೇಗಾ ಜೀನುಗಳು ಬಹುವಾಗಿ ವೃದ್ಧಿಗೊಂಡಿರುವುದು ಕಂಡುಬಂದಿತು. ಒಂದು ಊರಿನ ಶಾಸನದಿಂದ ನಾಡಿನ ಆಡಳಿತವನ್ನೆಲ್ಲ ವರ್ಣಿಸುವ ದೋಷಕ್ಕೂ ಇದಕ್ಕೂ ಅಂತರವಿಲ್ಲ. ಅಸ್ತ್ರಗಳು ಹೆಚ್ಚಿದಷ್ಟೂ ಕ್ಷೇಮವೆಂಬ ಸೂತ್ರಕ್ಕೆ ಮನುಷ್ಯನಲ್ಲಿಯೇ ಇನ್ನೂ ಪ್ರಬಲವಾದ ಅಪವಾದವಿದೆ. ೨೦೧೩ರಲ್ಲಿ ಬೆಳಕಿಗೆ ಬಂದ ನಾಲ್ಕನೆಯ ಲ್ಯಾಂಬ್ಡಾ ಇಂಟರ್‌ಫೆರಾನನ್ನು ತಯಾರಿಸುವ ಜೀನು ನಮ್ಮ ಪೂರ್ವಜರಿಂದ ಬಂದುದು. ಅದರ ಕೆಟ್ಟುಹೋದ ರೂಪವು ಪೂರ್ವ ಏಷ್ಯದ ಜನರಲ್ಲಿ ಅತ್ಯಧಿಕವಾಗಿಯೂ ಆಫ್ರಿಕದವರಲ್ಲಿ ಕಡಮೆಯಾಗಿಯೂ ಇದೆ. ಈ ಪ್ರೋಟೀನನ್ನು ತಯಾರಿಸಲಾರದವರೇ ಹೆಪಟೈಟಿಸ್ ಸಿ ವೈರಸ್ಸನ್ನು ದೇಹದಿಂದ ಹೆಚ್ಚು ಸುಲಭವಾಗಿ ಹೊರದೂಡುತ್ತಾರೆ. ಇಲ್ಲಿ ನಷ್ಟವೇ ಲಾಭವಾಗಿ ಪರಿಣಮಿಸಿದೆ.

ಮೂರನೆಯದು ಪ್ರಯೋಜನದ ಪ್ರಶ್ನೆ. ಹಸು, ಕುರಿ ಮೊದಲಾದ ಮೆಲುಕು ಹಾಕುವ ಪ್ರಾಣಿಗಳಲ್ಲಿ ಒಮೇಗಾದಿಂದ ಕವಲೊಡೆದ ಟೌ ಎಂಬ ಇಂಟರ್‌ಫೆರಾನಿದೆ. ಎಳೆಯ ಭ್ರೂಣದ ಹೊರಪದರವು ಇದನ್ನು ಸ್ರವಿಸಿ, ಗರ್ಭ ನಿಂತಿರುವುದನ್ನು ತಾಯಿಯ ದೇಹಕ್ಕೆ ತಿಳಿಸುತ್ತದೆ. ಗ್ರಾಹಕವು ಹಳೆಯದೇ, ವೈರಸ್ಸನ್ನು ತಡೆಯುವ ಶಕ್ತಿಯೂ ಉಳಿದಿದೆ. ಆದರೆ ಮುಖ್ಯವಾದ ಉದ್ಯೋಗವು ಬೇರೆಯಾಗಿದೆ. ಕೇವಲ ಯುದ್ಧಕಥೆಯನ್ನು ಬರೆಯುವವನಿಗೆ ಈ ಅಧ್ಯಾಯಕ್ಕೆ ಸ್ಥಳವೇ ಸಿಕ್ಕದು.

ಈ ದೋಷಗಳು ಶಾಸ್ತ್ರದವಲ್ಲ, ಅವಸರದ ನಿರೂಪಣೆಯವು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ತಂಡವೊಂದು ೨೦೧೧ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ನಿದರ್ಶನ. ಆ ವಿದ್ವಾಂಸರು ಪ್ರತಿಗಳನ್ನು ಎಣಿಸುವುದರಲ್ಲಿಯೇ ನಿಲ್ಲದೆ, ಈಗ ಬದುಕಿರುವ ವಿವಿಧ ಜನಸಮುದಾಯಗಳಲ್ಲಿ ಒಂದೊಂದು ಪ್ರತಿಯೂ ಎಷ್ಟು ಬದಲಾವಣೆಯನ್ನು ಸಹಿಸಿದೆಯೆಂದು ಅಳೆದರು. ಆರು, ಎಂಟು, ಹದಿಮೂರು, ಹದಿನಾಲ್ಕನೆಯ ಆಲ್ಫಾಗಳಲ್ಲಿ ಪ್ರೋಟೀನನ್ನು ಮಾರ್ಪಡಿಸುವ ಭೇದಗಳು ಉಳಿಯಲು ಎಡೆಯಿಲ್ಲ. ಬೇರೆ ಕೆಲವುಗಳಲ್ಲಿ ಅಂಥವು ಧಾರಾಳವಾಗಿ ಹರಡಿವೆ. ಆದುದರಿಂದ ಒಂದೇ ಕುಟುಂಬದಲ್ಲಿ ಕೆಲವರು ಅನಿವಾರ್ಯರು, ಕೆಲವರಿಲ್ಲದೆಯೂ ಸಂಸಾರ ಸಾಗುತ್ತದೆ ಎಂದು ಊಹಿಸಲು ದೃಢವಾದ ಆಧಾರ ದೊರೆಯಿತು.

ಇಂಟರ್‌ಫೆರಾನುಗಳ ಚರಿತ್ರೆಯಲ್ಲಿ ವೈರಸ್ಸಿಗೆ ಪ್ರಧಾನ ಸ್ಥಾನವಿದೆಯೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಪ್ರತಿಯೊಂದು ಪ್ರತಿಯನ್ನೂ ಒಂದೊಂದು ಯುದ್ಧದ ವೀರಗಲ್ಲೆಂದು ಓದುವುದು ಸರಿಯಲ್ಲ. ಪಂಕ್ತಿ, ಸ್ಥಾನ, ಕಾರ್ಯ, ಜನಸಮುದಾಯಗಳಲ್ಲಿನ ಭೇದ, ಈ ನಾಲ್ಕು ಸಾಕ್ಷಿಗಳೂ ಕೂಡಿ ನುಡಿದಲ್ಲಿ ಮಾತ್ರ ತೀರ್ಪು ಕೊಡತಕ್ಕದ್ದು. ಒಂದೇ ಸಾಕ್ಷಿಯಿಂದ ಹುಟ್ಟಿದ ಕಥೆ ಎಷ್ಟೇ ರಮ್ಯವಾಗಿರಲಿ, ತರಗತಿಯಲ್ಲಿ ಅದನ್ನು ಊಹೆಯೆಂದೇ ಹೇಳಿ ಕಲಿಸುವುದು ಅಧ್ಯಾಪಕರ ಕರ್ತವ್ಯ.