ಬಿಸಿಲ ನಾಡಿಗೆ ಬಂದ ಕಿನ್ನರಿ

ಒಂದು ನಾಡಿನ ನಗೆಯನ್ನು ಇನ್ನೊಂದು ನಾಡಿಗೆ ಸಾಗಿಸುವುದು ಅದರ ಅಳುವನ್ನು ಸಾಗಿಸುವುದಕ್ಕಿಂತ ಕಷ್ಟ. ಹತ್ತೊಂಬತ್ತನೆಯ ಶತಮಾನದ ಆಸ್ಟ್ರೇಲಿಯದ ರಂಗಭೂಮಿಯ ಚರಿತ್ರೆಯನ್ನು ಓದುವಾಗ ನನಗೆ ಹೊಳೆದ ಮಾತು ಇದು.

ಕಿನ್ನರ ಕಥೆಯನ್ನು ಅಣಕವಾಡಿ ರಂಜಿಸುವ ನಾಟಕಗಳಿಗೆ ಲಂಡನ್ನಿನಲ್ಲಿ ದಾರಿ ಹಾಕಿದವನು ಪ್ಲಾಂಷೆ. 1836ರಲ್ಲಿ ಅವನು ಫ್ರೆಂಚ್ ಕಥೆಯೊಂದನ್ನು ಒಲಿಂಪಿಕ್ ರಂಗಮಂದಿರಕ್ಕೆ ಅಳವಡಿಸಿದ. ಪ್ರಾಸಬದ್ಧ ದ್ವಿಪದಿ, ಹೆಜ್ಜೆಹೆಜ್ಜೆಗೆ ಶ್ಲೇಷೆ, ಪರಿಚಿತ ಧಾಟಿಗೆ ಹೊಸ ಪದ, ರಾಜಕುಮಾರನ ವೇಷದಲ್ಲಿ ನಟಿ—ಇವು ಈ ಜಾತಿಯ ನಾಟಕಗಳ ಸಾಮಗ್ರಿ. ಇಲ್ಲಿ ನಗೆ ಹುಟ್ಟುವುದು ಪ್ರೇಕ್ಷಕನಿಗೆ ಮೂಲ ಕಥೆಯೂ ನಿನ್ನೆಯ ಊರ ಸುದ್ದಿಯೂ ಒಟ್ಟಿಗೆ ಗೊತ್ತಿದ್ದಾಗ ಮಾತ್ರ.

1851ರಲ್ಲಿ ವಿಕ್ಟೋರಿಯಾ ಪ್ರಾಂತದಲ್ಲಿ ಚಿನ್ನ ಸಿಕ್ಕಿತು, ಮೆಲ್ಬರ್ನ್ ಬೆಳೆಯಿತು, ನಾಟಕವೂ ಹಡಗೇರಿ ಬಂದಿತು. ಅಲ್ಲಿ ಕ್ರಿಸ್ಮಸ್ ಎಂದರೆ ನಡುಬೇಸಿಗೆ. ಹೊರಗೆ ಸುಡುಬಿಸಿಲು, ಒಳಗೆ ಇಂಗ್ಲೆಂಡಿನ ಚಳಿಗಾಲದ ಹಬ್ಬದ ನಾಟಕ! ಬಂದವರು ಕಥೆಯನ್ನು ಬಲ್ಲರು. ಆದರೆ ಲಂಡನ್ನಿನ ಬೀದಿಯ ಸುದ್ದಿ ಅವರಿಗೆ ಹಳತು. ಇಂಗ್ಲೆಂಡಿನಿಂದ ಬಂದು ಪತ್ರಿಕೋದ್ಯಮಿಯಾಗಿದ್ದ ಏಕ್‌ಹರ್ಸ್ಟ್ ಈ ಕೊರತೆಯನ್ನು ತುಂಬಿದ. ಊರಿನ ರಾಜಕಾರಣಿ, ಊರಿನ ಬೀದಿ, ಊರಿನ ಹಗರಣ ಅವನ ಪದ್ಯಗಳಿಗೆ ಇಳಿದವು. ಜನ ನಕ್ಕರು. ಆದರೆ ಹೆಸರು ಬದಲಾಯಿಸಿದ ಮಾತ್ರಕ್ಕೆ ಅದು ರೂಪಾಂತರವೆನ್ನಿಸೀತೆ? ಅದು ಹಳೆಯ ಅಂಗಿಗೆ ಹಾಕಿದ ಹೊಸ ಗುಂಡಿ ಎಂದೇ ನನ್ನ ಅಭಿಪ್ರಾಯ. ಮರುವರ್ಷದ ಹೊತ್ತಿಗೆ ಗುಂಡಿ ಉದುರುತ್ತದೆ.

ಟಾಸ್ಮೇನಿಯದಲ್ಲಿ ಹುಟ್ಟಿದ ಗಾರ್ನೆಟ್ ವಾಲ್ಷ್ ಒಂದು ಹೆಜ್ಜೆ ಮುಂದೆ ಹೋದ. 1873ರ ಅವನ ‘ಆಸ್ಟ್ರೇಲಿಯಾ ಫೆಲಿಕ್ಸ್’ ನಾಟಕದಲ್ಲಿ ಮಾಯೆಯ ವಸ್ತು ಕ್ರಿಕೆಟ್ ದಾಂಡು. ಹೆಸರಿನಲ್ಲೇ ಕೂಗಿದರೆ ಗಹಗಹಿಸಿ ನಕ್ಕಂತೆ ಕೇಳಿಸುವ ಅಲ್ಲಿಯ ಹಕ್ಕಿ. ಅದೇ ಬೇಸಿಗೆಯಲ್ಲಿ ಗ್ರೇಸ್‌ನ ಇಂಗ್ಲಿಷ್ ತಂಡ ಆ ನಾಡಿಗೆ ಆಡಲು ಬಂದಿತ್ತು. ಇಲ್ಲಿ ಬದಲಾದುದು ಗುಂಡಿಯಲ್ಲ, ಬಟ್ಟೆಯೇ. ಮಾಯೆ ಆ ಮಣ್ಣಿನಿಂದ ಹುಟ್ಟಲು ಪ್ರಯತ್ನಿಸಿತು.

ಆದರೂ ಒಂದು ಮಾತು ಮನಸ್ಸನ್ನು ಕೊರೆಯುತ್ತದೆ. ಅಪರಾಧಿಗಳ ಗಡೀಪಾರಿನ ಘೋರವನ್ನು ಕಾದಂಬರಿಯಾಗಿಸಿದ ಮಾರ್ಕಸ್ ಕ್ಲಾರ್ಕ್ 1870ರಲ್ಲಿ, ಆ ಕಾದಂಬರಿ ಪತ್ರಿಕೆಯಲ್ಲಿ ಬರತೊಡಗಿದ ವರ್ಷವೇ, ಮಕ್ಕಳ ಕಥೆಯೊಂದನ್ನು ಹಬ್ಬದ ಆಟವಾಗಿಸಿದ. ನಾಡಿನ ಕತ್ತಲೆ ಪುಸ್ತಕಕ್ಕೆ ಹೋಯಿತು. ರಂಗಕ್ಕೆ ಬಂದುದು ಬೆಳಕು ಮಾತ್ರ. ಇನ್ನು, ಆ ನೆಲದ ಮೂಲನಿವಾಸಿಗಳಿಗೆ ಸಹಸ್ರಾರು ವರ್ಷಗಳ ತಮ್ಮವೇ ಕಥೆಗಳಿದ್ದವು. ಕಿನ್ನರಿಯನ್ನು ಕಡಲಾಚೆಯಿಂದ ಕರೆತಂದವರು ಮನೆಯಂಗಳದ ಆ ಕಥೆಗಳಿಗೆ ಕಿವಿಗೊಡಲಿಲ್ಲ.

ಪ್ರೇಕ್ಷಕರನ್ನು ನಗಿಸುವ ಕೆಲಸದಲ್ಲಿ ಈ ನಾಟಕಕಾರರು ಗೆದ್ದರು, ನಿಜ. ವಲಸೆ ಬಂದವನಿಗೆ ತಾನು ನಿಂತ ಊರನ್ನು ಕುರಿತು ನಗಬಹುದೆಂಬ ಧೈರ್ಯ ಸಣ್ಣದಲ್ಲ. ಊರು ತನ್ನದಾಗುವ ಮೊದಲ ಗುರುತು ಅದು. ಆದರೆ ರೂಪಾಂತರಕ್ಕೆ ಬೇಕಾದುದು ಚುರುಕು ನಾಲಗೆಯೊಂದೇ ಅಲ್ಲ. ಅದಕ್ಕಿಂತ ಮೊದಲು, ತೆರೆದ ಕಿವಿ.