ರಕ್ತಶೋಧನೆಯ ಎರಡು ವಿಧಾನಗಳು: ಒಂದು ತೌಲನಿಕ ವಿಮರ್ಶೆ

ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವರ ರಕ್ತವನ್ನು ಯಂತ್ರದಿಂದ ಶೋಧಿಸುವ ವಿಧಾನಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ, 2023ರಲ್ಲಿ ಪ್ರಕಟವಾದ ‘ಕನ್‌ವಿನ್ಸ್’ ಪ್ರಯೋಗವು ಉತ್ತರವನ್ನು ಒದಗಿಸಿದೆ. ಆ ಉತ್ತರದ ಬೆಲೆಯನ್ನೂ ಎಲ್ಲೆಯನ್ನೂ ಗೊತ್ತುಮಾಡುವುದು ನಮ್ಮ ಉದ್ದೇಶ.

ಹೀಮೋಡಯಾಲಿಸಿಸ್ಸಿನಲ್ಲಿ ಕಲ್ಮಷವು ಪೊರೆಯ ಈಚಿನ ರಕ್ತದಿಂದ ಆಚಿನ ದ್ರವಕ್ಕೆ ಮುಖ್ಯವಾಗಿ ಸಾಂದ್ರತೆಯ ವ್ಯತ್ಯಾಸದಿಂದ ಹರಡಿಕೊಳ್ಳುತ್ತದೆ. ಯೂರಿಯಾದಂತಹ ಸಣ್ಣ ಅಣುಗಳಿಗೆ ಇಷ್ಟು ಸಾಕು. ಬೀಟಾ-2 ಮೈಕ್ರೋಗ್ಲಾಬ್ಯುಲಿನ್ನಿನಂತಹ ದೊಡ್ಡ ಅಣುಗಳು ಹೀಗೆ ನಿಧಾನವಾಗಿ ಮಾತ್ರ ಕದಲುತ್ತವೆ. ಹೀಮೋಡಯಾಫಿಲ್ಟ್ರೇಷನ್ನಿನಲ್ಲಾದರೋ ರಕ್ತದ ನೀರನ್ನೇ ಒತ್ತಡದಿಂದ ಹೇರಳವಾಗಿ ಪೊರೆಯಾಚೆಗೆ ಸೆಳೆಯುವುದರಿಂದ, ಆ ಸೆಳೆತದೊಡನೆ ದೊಡ್ಡ ಅಣುಗಳೂ ಹೊರಬೀಳುತ್ತವೆ. ಕಳೆದ ನೀರಿಗೆ ಬದಲಾಗಿ ಅತಿಶುದ್ಧ ದ್ರವವನ್ನು ರಕ್ತಕ್ಕೆ ತುಂಬಬೇಕಾಗುತ್ತದೆ.

ಹಿಂದಿನ ಪ್ರಯೋಗಗಳು ಒಮ್ಮತಕ್ಕೆ ಬಂದಿರಲಿಲ್ಲ. 714 ರೋಗಿಗಳನ್ನೊಳಗೊಂಡ 2012ರ ‘ಕಾಂಟ್ರಾಸ್ಟ್’ ಪ್ರಯೋಗದಲ್ಲಿ ಮರಣಪ್ರಮಾಣದ ವ್ಯತ್ಯಾಸ ಕಾಣಲಿಲ್ಲ. 906 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಸ್ಪೇನಿನ ‘ಎಶಾಲ್’ ಪ್ರಯೋಗದಲ್ಲಿ ಕಂಡಿತು. ಹೆಚ್ಚು ನೀರನ್ನು ಸೆಳೆದವರಲ್ಲೇ ಲಾಭ ಎದ್ದುಕಂಡಿತೆಂದು ಕೆಲವರು ವಾದಿಸಿದರು. ಆದರೆ ರಕ್ತನಾಳಗಳು ಚೆನ್ನಾಗಿ ಹರಿಯುವ ದೃಢಕಾಯರಲ್ಲಿಯೇ ಹೆಚ್ಚು ನೀರನ್ನು ಸೆಳೆಯುವುದು ಸಾಧ್ಯ. ಬದುಕಿಸಿದ್ದು ವಿಧಾನವೋ, ದೇಹದ ದೃಢತೆಯೋ?

‘ಕನ್‌ವಿನ್ಸ್’ ಪ್ರಯೋಗದ ಹಿರಿಮೆ ಇಲ್ಲಿದೆ. ಯೂರೋಪಿನ 8 ದೇಶಗಳ 1360 ರೋಗಿಗಳನ್ನು ಚೀಟಿಯೆತ್ತಿದಂತೆ ವಿಂಗಡಿಸಿ, ಒಂದು ಗುಂಪಿಗೆ ಪ್ರತಿ ಸಲವೂ ಕನಿಷ್ಠ 23 ಲೀಟರು ಸೆಳೆಯುವ ಗುರಿಯನ್ನು ಮೊದಲೇ ಗೊತ್ತುಮಾಡಲಾಯಿತು. ಸುಮಾರು 30 ತಿಂಗಳುಗಳಲ್ಲಿ ಈ ಗುಂಪಿನ ನೂರಕ್ಕೆ 17.3 ಮಂದಿಯೂ, ಹೀಮೋಡಯಾಲಿಸಿಸ್ ಪಡೆದ ಗುಂಪಿನ ನೂರಕ್ಕೆ 21.9 ಮಂದಿಯೂ ತೀರಿಕೊಂಡರು. ಇದು ಅಲಕ್ಷಿಸತಕ್ಕ ಅಂತರವಲ್ಲ.

ಆದರೂ ಎರಡು ಮಾತುಗಳನ್ನು ಹೇಳಲೇಬೇಕು. ಆ ಗುರಿಯನ್ನು ಮುಟ್ಟಬಲ್ಲರೆಂದು ತೋರಿದ ರೋಗಿಗಳನ್ನೇ ಪ್ರಯೋಗಕ್ಕೆ ಆರಿಸಲಾಗಿತ್ತು. ಆದುದರಿಂದ ವಿಧಾನಗಳ ಹೋಲಿಕೆ ನ್ಯಾಯವಾದದ್ದೇ ಆದರೂ, ಫಲವು ಅಂಥವರಿಗೆ ಮಾತ್ರ ಸಲ್ಲುತ್ತದೆ. ಮತ್ತೊಂದು, ಹೃದ್ರೋಗವಾಗಲಿ ಮಧುಮೇಹವಾಗಲಿ ಇಲ್ಲದವರಲ್ಲಿ ಲಾಭ ಎದ್ದುಕಂಡಿತು. ಅವು ಇದ್ದವರಲ್ಲಿ ಕಾಣಲಿಲ್ಲ. ಇಂತಹ ಉಪವಿಭಾಗಗಳ ಲೆಕ್ಕ ಸೂಚನೆಯೇ ಹೊರತು ಸಿದ್ಧಾಂತವಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ಡಯಾಲಿಸಿಸ್ ಕೋಣೆಗಳಲ್ಲಿ ಮಲಗಿರುವವರಲ್ಲಿ ಬಹು ಮಂದಿ ಈ ಎರಡನೆಯ ವರ್ಗಕ್ಕೆ ಸೇರಿದವರೇ.

ಆದುದರಿಂದ ಹೊಸ ವಿಧಾನ ಮೇಲೆಂಬ ತೀರ್ಪನ್ನು ನಾವು ಅಲ್ಲಗಳೆಯುವುದಿಲ್ಲ. ಯಾರಿಗೆ ಮೇಲೆಂಬುದನ್ನು ಸೇರಿಸಿ ಹೇಳಬೇಕೆಂಬುದಷ್ಟೇ ನಮ್ಮ ಮಾತು. ಅತ್ಯಂತ ದುರ್ಬಲನಾದ ರೋಗಿಯ ಪ್ರಶ್ನೆಗೆ ಉತ್ತರ ಇನ್ನೂ ಬಾಕಿಯಿದೆ.